ಬೇಸಿಗೆಯ ಫೆಲೋಶಿಪ್‌ಗೆ ಮಳೆಗಾಲದಲ್ಲೇ ತಯಾರಿ

ನಾನು ಕಾಸರಗೋಡಿನ ಕಡೆಯ ಒಂದು ಕಾಲೇಜಿನಲ್ಲಿ ಕೆಮಿಸ್ಟ್ರಿ ಕಲಿಸುತ್ತೇನೆ. ಪಾಠ, ಲ್ಯಾಬ್, ಪೇಪರ್ ತಿದ್ದುವುದು ಬಿಟ್ಟರೆ ನನ್ನ ಕೆಲಸದಲ್ಲಿ ಇನ್ನೊಂದು ಭಾಗ ಇದೆ. ಮಕ್ಕಳಿಗೆ ಶಿಫಾರಸು ಪತ್ರ ಬರೆದುಕೊಡುವುದು. ಇದನ್ನು ಯಾರೂ ಕೆಲಸ ಅಂತ ಲೆಕ್ಕ ಹಿಡಿಯುವುದಿಲ್ಲ. ಆದರೆ ಒಂದು ಮಗು ಬೇಸಿಗೆ ರಜೆಯಲ್ಲಿ ದೊಡ್ಡ ಲ್ಯಾಬಿಗೆ ಹೋಗುತ್ತದೋ ಮನೆಯಲ್ಲೇ ಉಳಿಯುತ್ತದೋ ಅನ್ನುವುದರಲ್ಲಿ ಆ ಪತ್ರದ ಪಾಲು ಸಣ್ಣದೇನಲ್ಲ.

ಬಿಎಸ್‌ಸಿ, ಎಂಎಸ್‌ಸಿ ಮಕ್ಕಳಿಗೆ ನಾನು ಮೊದಲು ಹೇಳುವುದು ಮೂರು ವಿಜ್ಞಾನ ಅಕಾಡೆಮಿಗಳು ಸೇರಿ ನಡೆಸುವ ಸಮ್ಮರ್ ರಿಸರ್ಚ್ ಫೆಲೋಶಿಪ್ ಬಗ್ಗೆ. ಒಂದು ಬೆಂಗಳೂರಿನ ಇಂಡಿಯನ್ ಅಕಾಡೆಮಿ ಆಫ್ ಸೈನ್ಸಸ್, 1934ರಲ್ಲಿ ಸಿ.ವಿ. ರಾಮನ್ ಶುರು ಮಾಡಿದ್ದು. ಉಳಿದೆರಡು ದೆಹಲಿ ಮತ್ತು ಪ್ರಯಾಗ್‌ರಾಜ್‌ನವು. ಆಯ್ಕೆಯಾದವರು ಸುಮಾರು ಎರಡು ತಿಂಗಳು ಒಬ್ಬ ವಿಜ್ಞಾನಿಯ ಲ್ಯಾಬಿನಲ್ಲಿ ಕೆಲಸ ಮಾಡುತ್ತಾರೆ. ತಿಂಗಳಿಗೆ ಇಷ್ಟು ಅಂತ ಹಣ ಕೊಡುತ್ತಾರೆ, ರೈಲಿನ ಖರ್ಚೂ ಸಿಗುತ್ತದೆ. ಅಧ್ಯಾಪಕರೂ ಅರ್ಜಿ ಹಾಕಬಹುದು, ಇದು ನಮ್ಮ ಸ್ಟಾಫ್ ರೂಮಿನಲ್ಲೇ ಎಷ್ಟೋ ಜನರಿಗೆ ಗೊತ್ತಿಲ್ಲ! ಜಕ್ಕೂರಿನ ಜವಾಹರಲಾಲ್ ನೆಹರು ಸೆಂಟರ್, ಮುಂಬೈಯ ಟಾಟಾ ಇನ್‌ಸ್ಟಿಟ್ಯೂಟ್ ಆಫ್ ಫಂಡಮೆಂಟಲ್ ರಿಸರ್ಚ್, ಬೆಂಗಳೂರಿನ ರಾಮನ್ ಇನ್‌ಸ್ಟಿಟ್ಯೂಟ್‌ಗಳಲ್ಲೂ ವಿದ್ಯಾರ್ಥಿಗಳಿಗೆ ಇಂಥ ಅವಕಾಶಗಳಿವೆ.

ತೊಂದರೆ ಇರುವುದು ಕ್ಯಾಲೆಂಡರಿನಲ್ಲಿ. ಅಕಾಡೆಮಿಗಳ ಅರ್ಜಿ ನವೆಂಬರ್ ಆಸುಪಾಸಿನಲ್ಲೇ ಮುಗಿಯುತ್ತದೆ. ನಮ್ಮ ಮಕ್ಕಳಿಗೆ ಬೇಸಿಗೆಯ ನೆನಪಾಗುವುದು ಮಾರ್ಚಿನಲ್ಲಿ. ತಾರೀಕು ಗೊತ್ತಿದ್ದವರು ಕೂಡ ಕೊನೆಯ ವಾರ ಓಡಿ ಬರುತ್ತಾರೆ. "ಸರ್, ಒಂದು ಲೆಟರ್ ಬೇಕಿತ್ತು." ಕೊಡುವುದಕ್ಕೆ ನನಗೇನೂ ಬೇಜಾರಿಲ್ಲ. ಆದರೆ ಏನು ಬರೆಯಲಿ? ಅರವತ್ತು ಜನರ ಕ್ಲಾಸಿನಲ್ಲಿ ಎರಡನೇ ಬೆಂಚಿನಲ್ಲಿ ಕೂರುತ್ತಾಳೆ, ರೆಕಾರ್ಡ್ ನೀಟಾಗಿ ಬರೆಯುತ್ತಾಳೆ. ಅಷ್ಟೇ ತಾನೆ ನಾನು ನೋಡಿರುವುದು? ಅದನ್ನು ಬರೆದರೆ ಓದುವವರಿಗೆ ಏನೂ ತಿಳಿಯುವುದಿಲ್ಲ. ಶ್ರದ್ಧೆ, ಶಿಸ್ತು, ಪ್ರತಿಭೆ ಅಂತ ತುಂಬಿಸಿದ ಪತ್ರಗಳು ಅವರ ಮೇಜಿಗೆ ರಾಶಿ ರಾಶಿ ಬರುತ್ತವೆ.

ಈ ಲೆಕ್ಕವನ್ನು ತಿರುಗಿಸಿದ್ದು ನಮ್ಮಲ್ಲಿ ಬಿಎಸ್‌ಸಿ ಓದುತ್ತಿದ್ದ ಒಬ್ಬ ಹುಡುಗಿ. ಮನೆಯಲ್ಲಿ ಅಡಿಕೆ ತೋಟ. ಮಳೆಗಾಲ ಬಂತು ಅಂದರೆ ಕಾಯಿ ಕೊಳೆತು ಉದುರುವ ಕೊಳೆರೋಗದ ಭಯ, ಮದ್ದು ಬಿಡುವ ಗಡಿಬಿಡಿ. ನಮ್ಮ ಕಡೆಯವರಿಗೆ ಬೋರ್ಡೋ ದ್ರಾವಣ ಹೊಸತಲ್ಲ. ಒಂದು ಕಿಲೋ ಮೈಲುತುತ್ತು ಅಂದರೆ ಕಾಪರ್ ಸಲ್ಫೇಟ್, ಒಂದು ಕಿಲೋ ಸುಣ್ಣ, ನೂರು ಲೀಟರ್ ನೀರು. ಬೆರೆಸಿದ ಮೇಲೆ ಹಳಬರು ಒಂದು ಕತ್ತಿಯನ್ನು ಅದ್ದಿ ನೋಡುತ್ತಾರೆ. ಕಬ್ಬಿಣದ ಮೇಲೆ ಕೆಂಪು ಹತ್ತಿದರೆ ಸುಣ್ಣ ಸಾಲದು ಅಂತ ಅರ್ಥ. ಬಿಡಿಯಾಗಿ ಉಳಿದ ತಾಮ್ರ ಕಬ್ಬಿಣದ ಮೇಲೆ ಕೂತುಬಿಡುತ್ತದೆ. ಹಾಗೇ ಸಿಂಪಡಿಸಿದರೆ ಎಳೆಕಾಯಿ, ಎಲೆ ಸುಡಬಹುದು. ನಾನು ಕ್ಲಾಸಿನಲ್ಲಿ ಬೋರ್ಡಿನ ಮೇಲೆ ಬರೆಯುವ ಡಿಸ್‌ಪ್ಲೇಸ್‌ಮೆಂಟ್ ರಿಯಾಕ್ಷನ್ ಇದೇ.

ಅವಳು ಬಂದು ಕೇಳಿದ ಪ್ರಶ್ನೆ ಹೀಗಿತ್ತು. ಅಳತೆ ಒಂದೇ. ಆದರೂ ನಮ್ಮ ಡ್ರಮ್ಮಿನಲ್ಲಿ ಕತ್ತಿ ಕೆಂಪಾಗುವುದಿಲ್ಲ, ಪಕ್ಕದ ಮನೆಯದರಲ್ಲಿ ಆಗುತ್ತದೆ. ಯಾಕೆ? ನಾನು ಉತ್ತರ ಹೇಳಲಿಲ್ಲ. ಲ್ಯಾಬಿನಿಂದ ಆಮ್ಲ-ಕ್ಷಾರ ನೋಡುವ ಪಿಎಚ್ ಪೇಪರ್ ಕೊಟ್ಟು, ಅಕ್ಕಪಕ್ಕದ ತೋಟಗಳಲ್ಲಿ ಮದ್ದು ಬಿಡುವ ದಿನ ಹೋಗಿ ನೋಡು ಅಂದೆ. ಎಲ್ಲಿಂದ ತಂದ ಸುಣ್ಣ, ಎಷ್ಟು ದಿನ ಹಳತು, ಚೀಲ ಬಿಚ್ಚಿಟ್ಟಿದ್ದರೋ ಕಟ್ಟಿಟ್ಟಿದ್ದರೋ, ಎಲ್ಲ ಬರೆದುಕೋ ಅಂದೆ. ಸುಮ್ನೆ ತಲೆ ಆಡಿಸಿ ಹೋದಳು. ಮಾಡುತ್ತಾಳೆ ಅಂತ ನನಗೇನೂ ಅನ್ನಿಸಲಿಲ್ಲ.

ಆಟಿ ತಿಂಗಳು ಕಳೆದು ಆಗಸ್ಟ್ ನಡುವಿನ ಹೊತ್ತಿಗೆ ನೋಟ್‌ಬುಕ್ ತಂದಳು. ಮಳೆ ನೀರು ಬಿದ್ದು ಅಕ್ಷರ ಅಲ್ಲಲ್ಲಿ ಹರಡಿತ್ತು, ಅಂಕಿ ಮಾತ್ರ ಓದಬಹುದಿತ್ತು. ಬಾಯಿ ತೆರೆದ ಚೀಲದ ಹಳೆ ಸುಣ್ಣ ಹಾಕಿದ ಕಡೆಯೇ ಕತ್ತಿ ಕೆಂಪಾದದ್ದು ಜಾಸ್ತಿ. ಸುಣ್ಣ ಗಾಳಿಯ ಕಾರ್ಬನ್ ಡೈಆಕ್ಸೈಡ್ ಹೀರಿ ಮೆಲ್ಲಗೆ ಕ್ಯಾಲ್ಸಿಯಂ ಕಾರ್ಬೊನೇಟ್ ಆಗುತ್ತದೆ, ಅದರ ಕ್ಷಾರ ಗುಣ ಕಮ್ಮಿಯಾಗುತ್ತದೆ. ಹಾಗಾದರೆ ಒಂದು ಕಿಲೋ ಅಂತ ತೂಗಿದ್ದು ನಿಜವಾಗಿ ಒಂದು ಕಿಲೋ ಸುಣ್ಣ ಅಲ್ಲ. ಸುಣ್ಣದಲ್ಲಿ ಕ್ಷಾರ ಎಷ್ಟು ಉಳಿದಿದೆ ಅಂತ ಲ್ಯಾಬಿನಲ್ಲಿ ಆಮ್ಲ ಹಾಕಿ ಅಳೆದು, ಅಂದರೆ ಟೈಟ್ರೇಶನ್ ಮಾಡಿ ನೋಡಿದಳು. ಎರಡು ಸಲ ತಪ್ಪಾಯಿತು, ಮತ್ತೆ ಮಾಡಿದಳು. ಲೈಬ್ರರಿಯಲ್ಲಿ ಹುಡುಕುವಾಗ ಲೆಸ್ಲಿ ಕೋಲ್ಮನ್ ಹೆಸರು ಸಿಕ್ಕಿತು. ಕೆನಡಾದಿಂದ ಮೈಸೂರಿಗೆ ಬಂದು, 1910ರಲ್ಲೇ ಅಡಿಕೆಯ ಕೊಳೆರೋಗದ ಬಗ್ಗೆ ಬರೆದ ವಿಜ್ಞಾನಿ. ಕನ್ನಡದ ಕೊಳೆರೋಗ ಅನ್ನುವ ಹೆಸರನ್ನೇ ಅವರು ಇಂಗ್ಲಿಷ್ ವರದಿಯಲ್ಲೂ ಇಟ್ಟುಕೊಂಡಿದ್ದರು. ಅವಳಿಗೆ ಖುಷಿಯೋ ಖುಷಿ.

ನವೆಂಬರಿನಲ್ಲಿ ಅವಳ ಪತ್ರ ಬರೆಯಲು ನನಗೆ ಅರ್ಧ ಗಂಟೆಯೂ ಬೇಕಾಗಲಿಲ್ಲ. ಕಂಡದ್ದನ್ನು ಕಂಡ ಹಾಗೆ ಬರೆದೆ. ತಪ್ಪಾದ ಟೈಟ್ರೇಶನ್ ಬಗ್ಗೆಯೂ ಬರೆದೆ, ಅದನ್ನು ಅವಳೇ ಹಿಡಿದಳು ಅಂತ ಕೂಡ. ಅರ್ಜಿಯಲ್ಲಿ ವಿದ್ಯಾರ್ಥಿಯೂ ತನಗೆ ಏನು ಮಾಡಬೇಕೆಂದಿದೆ ಅಂತ ಒಂದು ಸಣ್ಣ ಟಿಪ್ಪಣಿ ಬರೆಯಬೇಕು. ಹೆಚ್ಚಿನವರು ಅಲ್ಲಿ "ಬಾಲ್ಯದಿಂದಲೂ ವಿಜ್ಞಾನದಲ್ಲಿ ಆಸಕ್ತಿ" ಅಂತ ಶುರು ಮಾಡುತ್ತಾರೆ. ಅವಳು ಕತ್ತಿಯಿಂದ ಶುರು ಮಾಡಿದಳು. ಮೊದಲು ಕನ್ನಡದಲ್ಲಿ ಬರೆದು, ಆಮೇಲೆ ಇಂಗ್ಲಿಷಿಗೆ ತಂದಳು. ಇಂಗ್ಲಿಷ್ ಏನೂ ಹೊಳೆಯುತ್ತಿರಲಿಲ್ಲ. ನಾನು ಕ್ರಿಯಾಪದಗಳ ಕಾಲ ಸರಿ ಮಾಡಿಕೊಟ್ಟೆ, ವಾಕ್ಯ ಮುಟ್ಟಲಿಲ್ಲ.

ಸೀಟು ಸಿಕ್ಕಿತು, ಬೆಂಗಳೂರಿನ ಒಂದು ಲ್ಯಾಬಿನಲ್ಲಿ. ಅಲ್ಲಿ ಕೊಟ್ಟ ಕೆಲಸಕ್ಕೂ ಅಡಿಕೆಗೂ ಏನೇನೂ ಸಂಬಂಧ ಇರಲಿಲ್ಲ, ಬ್ಯಾಟರಿಯ ಎಲೆಕ್ಟ್ರೋಡ್ ಮೇಲೆ. ಅದು ಹಾಗೇ. ಗೈಡ್ ಹತ್ತಿರ ನಡೆಯುತ್ತಿರುವ ಕೆಲಸದಲ್ಲಿ ಒಂದು ತುಂಡು ನಮಗೆ ಸಿಗುತ್ತದೆ, ನಮ್ಮ ಪ್ರಶ್ನೆ ಬಾಗಿಲು ತೆರೆಯುವುದಕ್ಕೆ ಮಾತ್ರ. ಮನೆಯವರಿಗೆ ಬೇರೆಯದೇ ಚಿಂತೆ. ಎರಡು ತಿಂಗಳು ಹುಡುಗಿ ಒಬ್ಬಳೇ ಎಲ್ಲಿ ಇರುತ್ತಾಳೆ? ಈ ಪ್ರಶ್ನೆಗೆ ಉತ್ತರ ಸಿದ್ಧ ಇರಬೇಕು. ಹಾಸ್ಟೆಲ್ ಇದೆಯಾ ಅಂತ ಆ ಸಂಸ್ಥೆಗೆ ಮೊದಲೇ ಮೇಲ್ ಹಾಕಿ. ಕಣ್ಣೂರಿನಿಂದ ಬೆಂಗಳೂರಿಗೆ ಹೋಗುವ ರಾತ್ರಿ ರೈಲು ನಮ್ಮ ಊರನ್ನು ಹಾದೇ ಹೋಗುತ್ತದೆ ಅಂದಾಗ ಅವಳ ಅಪ್ಪನ ಮುಖ ಸ್ವಲ್ಪ ಸಡಿಲವಾಯಿತು. ಪರೀಕ್ಷೆಯ ತಾರೀಕು ಮೇ, ಜೂನಿಗೆ ಹೊರಳಿದರೆ ಇನ್ನೊಂದು ತಲೆನೋವು. ಆಗ ಗೈಡ್‌ಗೆ ನೇರವಾಗಿ ತಿಳಿಸಿ. ಒಂದೆರಡು ವಾರ ಆಚೀಚೆ ಮಾಡಲು ಒಪ್ಪುವವರು ಇದ್ದಾರೆ.

ಹೈಸ್ಕೂಲಿನ ಮಕ್ಕಳಿಗೆ ಇಸ್ರೋದ ಯುವಿಕಾ ಅನ್ನುವ ಯುವ ವಿಜ್ಞಾನಿ ಕಾರ್ಯಕ್ರಮ ಇದೆ, 2019ರಲ್ಲಿ ಶುರುವಾದದ್ದು. ಒಂಬತ್ತನೇ ಕ್ಲಾಸಿನವರಿಗೆ, ರಜೆಯಲ್ಲಿ ಸುಮಾರು ಎರಡು ವಾರ, ಖರ್ಚು ಇಸ್ರೋದ್ದು. ಆಯ್ಕೆ ಮಾಡುವಾಗ ಎಂಟನೇ ಕ್ಲಾಸಿನ ಅಂಕ, ಆನ್‌ಲೈನ್ ಕ್ವಿಜ್, ವಿಜ್ಞಾನ ಮೇಳ, ಸ್ಕೌಟ್ ಎಲ್ಲಕ್ಕೂ ಅಂಕ ಇದೆ. ಪಂಚಾಯತ್ ವ್ಯಾಪ್ತಿಯ ಹಳ್ಳಿ ಶಾಲೆಯಲ್ಲಿ ಓದುವವರಿಗೆ ಹೆಚ್ಚುವರಿ ಅಂಕವೂ ಉಂಟು. ಬಾಯಾರು, ಎಣ್ಮಕಜೆ, ಬೆಳ್ಳೂರು ಕಡೆಯ ಮೇಷ್ಟ್ರುಗಳು ಇದನ್ನು ದಯವಿಟ್ಟು ಗಮನಿಸಿ. ಪ್ಲಸ್ ಟು ಮಕ್ಕಳ ಬೇಸಿಗೆ ಎಂಟ್ರೆನ್ಸ್ ಕೋಚಿಂಗಿಗೆ ಹೋಗಿಬಿಡುತ್ತದೆ. ಅವರ ಹತ್ತಿರ ನಾನು ವಾದ ಮಾಡುವುದಿಲ್ಲ.

ಕೆಲಸದ ಜಾಗದಲ್ಲೇ ಕೆಲಸ ಕಲಿಯುವ ಅಪ್ರೆಂಟಿಸ್ ಅನ್ನುವುದು ಬೇರೆ ದಾರಿ. ಅದು 1961ರ ಕಾಯ್ದೆಯ ಕೆಳಗೆ ಬರುತ್ತದೆ. ಡಿಗ್ರಿ ಮುಗಿಸಿದವರಿಗೆ ಸಾಮಾನ್ಯವಾಗಿ ಒಂದು ವರ್ಷ, ಸ್ಟೈಪೆಂಡ್ ಕೊಡಲೇಬೇಕು. ಮೊದಲು ಇಂಜಿನಿಯರಿಂಗ್, ಡಿಪ್ಲೊಮಾದವರದ್ದೇ ಅಂತ ಇತ್ತು. 2014ರ ತಿದ್ದುಪಡಿಯ ಮೇಲೆ ಬಿಎಸ್‌ಸಿಯವರಿಗೂ ಬಾಗಿಲು ತೆರೆಯಿತು. ದಕ್ಷಿಣದ ರಾಜ್ಯಗಳಿಗೆ ಚೆನ್ನೈಯಲ್ಲಿ ಇದರ ಮಂಡಳಿ ಇದೆ. ಮನೆಗೆ ಬೇಗ ನಾಲ್ಕು ಕಾಸು ತರಬೇಕಾದ ಮಕ್ಕಳಿಗೆ ನಾನು ಫೆಲೋಶಿಪ್‌ಗಿಂತ ಮೊದಲು ಇದನ್ನೇ ಹೇಳುತ್ತೇನೆ.

ಕೇರಳದಲ್ಲಿ 2024ರಿಂದ ನಾಲ್ಕು ವರ್ಷದ ಡಿಗ್ರಿ ಬಂದ ಮೇಲೆ ಇಂಟರ್ನ್‌ಶಿಪ್ ಕಡ್ಡಾಯ. ಒಳ್ಳೆಯದೇ. ಆದರೆ ಇದರ ಹಿಂದೆಯೇ ಸರ್ಟಿಫಿಕೇಟ್ ಮಾರುವವರೂ ಬಂದಿದ್ದಾರೆ. ದುಡ್ಡು ಕಟ್ಟಿ, ವಿಡಿಯೋ ನೋಡಿ, ಪಿಡಿಎಫ್ ಇಳಿಸಿಕೊಳ್ಳಿ ಅನ್ನುವವರು. ಲ್ಯಾಬಿನ ಸಾಮಗ್ರಿಗೆ ಒಂದಿಷ್ಟು ಶುಲ್ಕ ಕೇಳುವ ಸಂಸ್ಥೆಗಳು ಬೇರೆ, ಇವು ಬೇರೆ. ನಮ್ಮ ಜಿಲ್ಲೆಯಲ್ಲೇ 1916ರಲ್ಲಿ ತೆಂಗಿನ ಸಂಶೋಧನಾ ಕೇಂದ್ರವಾಗಿ ಶುರುವಾದ ಸಿಪಿಸಿಆರ್‌ಐ, ಅಂದರೆ ಕೇಂದ್ರೀಯ ತೋಟದ ಬೆಳೆಗಳ ಸಂಶೋಧನಾ ಸಂಸ್ಥೆ, ಇದೆ. ಪೆರಿಯದಲ್ಲಿ ಕೇಂದ್ರೀಯ ವಿಶ್ವವಿದ್ಯಾಲಯ ಇದೆ, ಪಡನ್ನಕ್ಕಾಡಿನಲ್ಲಿ ಕೃಷಿ ಕಾಲೇಜು ಇದೆ. ಮೊದಲು ಕಾಲೇಜಿನ ಪತ್ರ ಹಿಡಿದು ಅಲ್ಲಿ ವಿಚಾರಿಸಿ.

ಈಗ ನನ್ನ ನಿಯಮ ಇಷ್ಟೇ. ನವೆಂಬರಿನಲ್ಲಿ ಪತ್ರ ಬೇಕಾದವರು ಜುಲೈ ಒಳಗೆ ಒಂದು ಪ್ರಶ್ನೆ ಹಿಡಿದು ಬರಬೇಕು. ಈ ಸಲ ಒಬ್ಬ ಹುಡುಗ ನೀರಿಗಾಗಿ ಮನೆಯ ಹಿಂದಿನ ಗುಡ್ಡೆಗೆ ಅಡ್ಡವಾಗಿ ಕೊರೆದ ಸುರಂಗದ ನೀರನ್ನು ಅಳೆಯುತ್ತಿದ್ದಾನೆ. ಬಕೆಟ್ ತುಂಬಲು ಎಷ್ಟು ಸೆಕೆಂಡ್ ಅಂತ ಮೊಬೈಲಿನಲ್ಲಿ ನೋಡಿ ಬರೆಯುತ್ತಾನೆ. ಮಳೆ ನಿಂತು ಎಷ್ಟು ದಿನಕ್ಕೆ ಮುರಕಲ್ಲಿನ (ಲ್ಯಾಟರೈಟ್ ಕಲ್ಲಿನ) ಗುಡ್ಡೆಯಿಂದ ಬರುವ ನೀರು ಕಮ್ಮಿಯಾಗುತ್ತದೆ ಅಂತ ಅವನಿಗೆ ಗೊತ್ತಾಗಬೇಕು. ಅದು ನನ್ನ ವಿಷಯವಲ್ಲ, ಹಾಗಾಗಿ ಅವನನ್ನು ಜಿಯಾಲಜಿಯವರ ಹತ್ತಿರ ಕಳಿಸಿದ್ದೇನೆ. ಪತ್ರವನ್ನೂ ಅವರೇ ಬರೆಯುತ್ತಾರೆ.