ಪಿಟೀಲು ಸಾಕಿತ್ತಲ್ವಾ?

ಈ ಭಾನುವಾರ ಮುಂಬೈಯ ಮುಲುಂಡ್ ಸ್ಟೇಷನ್ನಿನಲ್ಲಿ ನಮ್ಮ ಬಿಲ್ಡಿಂಗಿನ ಆಂಟಿಯೊಬ್ಬರು ಸಿಕ್ಕಿದ್ದರು. ಮಗಳ ಬೆನ್ನ ಮೇಲಿದ್ದ ಚೆಲ್ಲೋ (ಪಿಟೀಲಿನ ಜಾತಿಯದೇ, ಕೂತು ನುಡಿಸುವ ದೊಡ್ಡ ವಾದ್ಯ) ನೋಡಿ, "ಇಷ್ಟು ದೊಡ್ಡದು ಯಾಕ್ರೀ? ಪಿಟೀಲು ಸಾಕಿತ್ತಲ್ವಾ?" ಅಂದರು. ಕೆಟ್ಟ ಮನಸ್ಸಿನವರಲ್ಲ. ಆದರೆ ಮಗು ಪಕ್ಕದಲ್ಲೇ ನಿಂತು ಕೇಳಿಸಿಕೊಳ್ಳುತ್ತಿದೆ ಅನ್ನೋದು ಅವರ ಗಮನಕ್ಕೇ ಬರಲಿಲ್ಲ.

ಅವತ್ತು ರಾತ್ರಿ ಮಗಳು ಕೇಳಿದಳು: "ಅಮ್ಮಾ, ನಿಂಗೆ ಕಷ್ಟ ಆಗ್ತಿದ್ರೆ ನಾನು ಪಿಟೀಲೇ ಕಲೀಲಾ?"

ವಾರವಿಡೀ ಅದೇ ಮಾತು ಕಿವಿಯಲ್ಲಿದೆ.

ಕಷ್ಟ ಇಲ್ಲ ಅಂತಲ್ಲ. ಅವಳದ್ದು ಅರ್ಧ ಸೈಜಿನದು. ಹೆಸರಿಗೆ ಅರ್ಧ ಅಷ್ಟೇ, ಉದ್ದದಲ್ಲಿ ಅರ್ಧವೇನಲ್ಲ. ಚೀಲ ಹೊತ್ತು ನಿಂತರೆ ಅದರ ತುದಿ ಅವಳ ತಲೆಗಿಂತ ಮೇಲಿರುತ್ತದೆ. ಮೇಷ್ಟ್ರ ಮನೆ ದಾದರ್‌ನಲ್ಲಿ. ಆಟೋ ದಾದರ್‌ಗೆ ಮುಂಚಿನ ಸಯನ್ ದಾಟುವಂತಿಲ್ಲ, ಪ್ರತಿ ಸಲ ಕ್ಯಾಬ್ ಮಾಡೋದು ನಮ್ಮ ಕೈಲಾಗದು. ಉಳಿದದ್ದು ಲೋಕಲ್ ರೈಲು. ಡಬ್ಬಾದೊಳಗೆ ಚೆಲ್ಲೋವನ್ನು ಮೂಲೆಯಲ್ಲಿ ನೆಟ್ಟಗೆ ನಿಲ್ಲಿಸಿ, ತಂತಿಯಿರುವ ಮುಖ ನಮ್ಮ ಕಡೆ ತಿರುಗಿಸಿ, ನಾನು ಅಡ್ಡ ನಿಲ್ಲುತ್ತೇನೆ. ಆದರೂ ಈ ಸಲ ಕುರ್ಲಾದಲ್ಲಿ ಹತ್ತಿದವರ ನೂಕಾಟಕ್ಕೆ ಯಾರದೋ ಬ್ಯಾಗು ಬಲವಾಗಿ ತಾಗಿತು.

ದಾದರ್‌ನಲ್ಲಿ ಚೀಲ ತೆರೆದಾಗ ತಂತಿಗಳನ್ನು ಕೆಳಗಿನಿಂದ ಎತ್ತಿ ಹಿಡಿಯುವ ಮರದ ಬ್ರಿಡ್ಜ್ ಮುಂದಕ್ಕೆ ವಾಲಿತ್ತು. ಅದನ್ನು ಅಂಟಿನಿಂದ ಕೂರಿಸಿರುವುದಿಲ್ಲ, ತಂತಿಗಳ ಒತ್ತಡವೇ ಅದನ್ನು ಹಿಡಿದಿಟ್ಟಿರುತ್ತದೆ. ಒಳಗಿನ ಸೌಂಡ್ ಪೋಸ್ಟ್ ಎಂಬ ಸಣ್ಣ ಮರದ ಕಡ್ಡಿಯೂ ಹಾಗೇ. ಮೇಷ್ಟ್ರು ತಂತಿ ಸ್ವಲ್ಪ ಸಡಿಲಿಸಿ, ಎರಡೂ ಕೈಯಿಂದ ಬ್ರಿಡ್ಜ್ ಹಿಡಿದು ಕೂದಲೆಳೆಯಷ್ಟೇ ಹಿಂದಕ್ಕೆ ತಂದರು. "ಆ ಕಡ್ಡಿ ಬಿತ್ತು ಅಂದ್ರೆ ತಂತಿ ಪೂರ್ತಿ ಸಡಿಲ ಮಾಡಿ ತನ್ನಿ, ಶ್ರುತಿ ಮಾಡೋಕೆ ಹೋಗ್ಬೇಡಿ" ಅಂದರು. ಮಗಳು ಉಸಿರು ಬಿಗಿಹಿಡಿದು ನೋಡುತ್ತಿದ್ದಳು.

ಮಳೆಗಾಲದಲ್ಲಿ ಮರ ಉಬ್ಬಿ, ಶ್ರುತಿ ಮಾಡಲು ತಿರುಗಿಸುವ ಬಿರಟೆ ಬಿಗಿಯುತ್ತದೆ. ಚೆಲ್ಲೋವನ್ನು ನೆಲಕ್ಕೆ ಊರುವ ಕೆಳಗಿನ ಮೊಳೆ ಮನೆಯ ಟೈಲ್ಸ್ ಮೇಲೆ ಜಾರುತ್ತದೆ, ಅದನ್ನು ತಡೆಯಲು ಕುರ್ಚಿ ಕಾಲಿಗೆ ಬೆಲ್ಟ್ ಕಟ್ಟಿದ್ದೇವೆ. ಇವೆಲ್ಲ ನಿಭಾಯಿಸಬಹುದು. ನನ್ನನ್ನು ಅಲುಗಾಡಿಸಿದ್ದು ಅವಳ ಪ್ರಶ್ನೆ.

ಮುಂಬೈ ಮಕ್ಕಳು ಬೇಗ ಮುದುಡುವುದನ್ನು ಕಲಿಯುತ್ತಾರೆ. ಹಾಸಿಗೆ ಮಡಚು, ಬ್ಯಾಗು ಎದೆಗೆ ಹಾಕ್ಕೋ, ಕಾಲು ಒಳಗೆ ಎಳ್ಕೋ. ದಿನಾ ನಾವೇ ಹೇಳುವ ಮಾತುಗಳಿವು. ಇಷ್ಟವನ್ನೂ ಮಡಚಿಡು ಅಂತ ಯಾರೂ ಹೇಳಿಕೊಡಲಿಲ್ಲ, ಅದನ್ನು ಅವಳೇ ಕಲಿತುಬಿಟ್ಟಳು. ಪಿಟೀಲು ಏನೂ ಕಡಿಮೆಯಲ್ಲ. ಅದರ ನಾದ ಹಿಡಿಸಿ ಕಲಿಯುತ್ತೇನೆ ಅಂದರೆ ನಾಳೆಯೇ ಸೇರಿಸುತ್ತೇನೆ. ಆದರೆ ರೈಲಿನಲ್ಲಿ ಜಾಗ ಸಾಲುತ್ತೆ ಅನ್ನೋ ಕಾರಣಕ್ಕೆ ಅಲ್ಲ. ಚೆಲ್ಲೋದ ದಪ್ಪ ತಂತಿ ಮೀಟಿದಾಗ ಅವಳು ಕಣ್ಣು ಮುಚ್ಚಿ ಮರಕ್ಕೆ ಎದೆ ಒತ್ತಿ ಕೂರುವುದನ್ನು ಆಂಟಿ ನೋಡಿಲ್ಲ.

"ಬೇಡ, ಇದನ್ನೇ ಕಲಿ" ಅಂದೆ. ಕ್ಲಾಸನ್ನು ರಶ್ ಕಡಿಮೆಯಿರುವ ಮಧ್ಯಾಹ್ನಕ್ಕೆ ಹಾಕಿಸಿಕೊಂಡಿದ್ದೇವೆ. ಇನ್ನು ಸ್ವಲ್ಪ ಎತ್ತರ ಬೆಳೆದರೆ 3/4 ಸೈಜಿನದು ಬೇಕು. ಅದಕ್ಕೆ ಗಟ್ಟಿ ಫೈಬರ್ ಕೇಸೇ ತಗೊಳ್ಳೋಣ ಅಂತ ದುಡ್ಡು ಎತ್ತಿಡುತ್ತಿದ್ದೇವೆ. ಕೇಸ್ ಭಾರ ಜಾಸ್ತಿ. ಹೊರೋದಕ್ಕೆ ನಾನಿದ್ದೇನೆ, ಅವರಪ್ಪ ಇದ್ದಾರೆ.