ದಾಸವಾಳಕ್ಕೆ ಪರಿಮಳ ಬರಿಸುವ ಹುಚ್ಚು

ದಾಸವಾಳವನ್ನು ಮೂಸಿದರೆ ಏನೂ ಸಿಗುವುದಿಲ್ಲ. ನಮ್ಮ ಊರಿನ ಕೆಂಪು ದಾಸವಾಳಕ್ಕೆ ಬರುವುದು ಹಕ್ಕಿಗಳು. ಅವಕ್ಕೆ ಬಣ್ಣ ಕಂಡರೆ, ಮಕರಂದ ಸಿಕ್ಕರೆ ಸಾಕು, ವಾಸನೆ ಯಾರಿಗೆ ಬೇಕು ಅಲ್ವಾ?

ಇಲ್ಲಿ ರಾಲಿಯಲ್ಲಿ, ಅಂದರೆ ನಾರ್ತ್ ಕೆರೊಲಿನಾದಲ್ಲಿ, ಆ ದಾಸವಾಳವನ್ನು ಚಳಿಗಾಲದಲ್ಲಿ ಕುಂಡದ ಸಮೇತ ಒಳಗೆ ಹೊರಬೇಕು. ಅದಕ್ಕೇ ಹಿತ್ತಲಲ್ಲಿ ನಾನು ಬೆಳೆಸುವುದು ಈ ನೆಲದ್ದೇ ಆದ ದಾಸವಾಳ ರೋಸ್ ಮ್ಯಾಲೋ, ಅಂದರೆ ಹಿಬಿಸ್ಕಸ್ ಮೊಸ್ಕ್ಯೂಟೋಸ್. ಚಳಿಗೆ ಕಾಂಡ ಪೂರ್ತಿ ಒಣಗುತ್ತದೆ, ಬೇರು ಬದುಕಿರುತ್ತದೆ. ವಸಂತದಲ್ಲಿ ಉಳಿದ ಗಿಡಗಳೆಲ್ಲ ಚಿಗುರಿದ ಮೇಲೂ ಇದರ ಸುದ್ದಿ ಇರುವುದಿಲ್ಲ, ಸತ್ತೇ ಹೋಯಿತು ಅಂತ ಕಿತ್ತು ಬಿಸಾಡುವವರೂ ಇದ್ದಾರೆ, ಸುಮ್ನೆ ಕಾಯಿರಿ. ಜುಲೈ ಹೊತ್ತಿಗೆ ಊಟದ ತಟ್ಟೆಯಷ್ಟು ಅಗಲದ ಹೂ. ಒಂದೇ ದಿನದ ಆಯುಸ್ಸು. ಗಣೇಶನ ಹಬ್ಬಕ್ಕೂ ಸಿಗುತ್ತದೆ. ನೀರು ಎಷ್ಟು ಹಾಕಿದರೂ ಬೇಡ ಅನ್ನುವುದಿಲ್ಲ, ಅದು ಹುಟ್ಟಿದ್ದೇ ಜೌಗು ನೆಲದಲ್ಲಿ. ಎಲೆ ಜರಡಿ ಆಗಿದ್ದರೆ ಅಡಿಭಾಗ ತಿರುಗಿಸಿ ನೋಡಿ, ಸಾಫ್ಲೈ ಎಂಬ ಕೀಟದ ಹಸಿರು ಮರಿಹುಳ ಕೂತಿರುತ್ತದೆ.

ನೆಬ್ರಾಸ್ಕಾದ ಲಿಂಕನ್ ಊರಿನ ಫ್ಲೆಮಿಂಗ್ ಸಹೋದರರು ಈ ಗಿಡದಲ್ಲಿ ತಾಮ್ರದ ಬಣ್ಣದ ಎಲೆ, ಕಡು ಕೆಂಪು ಹೂ ಎಲ್ಲ ತಂದರು. 'ಕಾಪರ್ ಕಿಂಗ್' ಅವರದೇ ತಳಿ. ನರ್ಸರಿಗೆ ಹೋದರೆ ಕಾಣುವುದೂ ಬಣ್ಣ ಮತ್ತು ಗಾತ್ರವೇ. ನನಗೆ ಬೇಕಿರುವುದು ಪರಿಮಳ. ಅದಕ್ಕೆ ಪರಿಮಳ ಇರುವ ಇನ್ನೊಂದು ಜಾತಿಯ ಪರಾಗ ಕೂಡಿಸಿ ಹೊಸ ತಳಿ ಮಾಡಬೇಕು.

ಊರಿನ ದಾಸವಾಳದ ಜೊತೆ ಇದನ್ನು ಕೂಡಿಸಲು ಹೋಗಬೇಡಿ, ಅವೆರಡೂ ತೀರಾ ದೂರದ ನೆಂಟರು. ಹವಾಯಿಯ ಬಿಳಿ ದಾಸವಾಳ ಅರ್ನಾಟಿಯಾನಸ್‌ಗೆ ಒಳ್ಳೆಯ ಪರಿಮಳ ಇದೆ, ಆದರೆ ಅದು ಊರಿನ ದಾಸವಾಳದ ಕಡೆಯ ಸಂಬಂಧ, ಮೇಲಾಗಿ ಚಳಿ ತಡೆಯುವುದಿಲ್ಲ. ಹತ್ತಿರದ ನೆಂಟ ಅಂದರೆ ಫ್ಲೋರಿಡಾ, ಜಾರ್ಜಿಯಾ ಕಡೆಯ ಜೌಗಿನಲ್ಲಿ ಬೆಳೆಯುವ ಹಿಬಿಸ್ಕಸ್ ಗ್ರ್ಯಾಂಡಿಫ್ಲೋರಸ್. ಮಖಮಲ್ಲಿನಂಥ ಎಲೆ, ಆಳೆತ್ತರ ಮೀರುವ ಗಿಡ, ತಿಳಿ ಗುಲಾಬಿ ಹೂ. ಅರಳುವುದು ಸಂಜೆ, ರಾತ್ರಿ ಹಾರುವ ಪತಂಗಗಳಿಗಾಗಿ. ಹಾಗಾಗಿ ಅದಕ್ಕೆ ನವಿರಾದ ಪರಿಮಳ ಇದೆ. ಹಗಲಲ್ಲಿ ಮೂಸಿ ಬೈದುಕೊಳ್ಳಬೇಡಿ.

ತೊಡಕು ಇರುವುದೂ ಅಲ್ಲೇ. ಒಂದು ಸಂಜೆ ಅರಳುತ್ತದೆ, ಇನ್ನೊಂದು ಬೆಳಿಗ್ಗೆ. ಸಂಜೆಯ ಹೂವಿನ ಪರಾಗವನ್ನು ಪುಟ್ಟ ಡಬ್ಬಿಯಲ್ಲಿ ಹಾಕಿ ಫ್ರಿಜ್‌ನಲ್ಲಿಡುತ್ತೇನೆ. ಬೆಳಿಗ್ಗೆ ದುಂಬಿ ಬರುವ ಮೊದಲೇ ಎದ್ದು, ಮೊಸ್ಕ್ಯೂಟೋಸ್ ಮೊಗ್ಗು ಬಿಡಿಸಿ, ಅದರ ಪರಾಗದ ಚೀಲಗಳನ್ನು ಕತ್ತರಿಯಿಂದ ತೆಗೆದು, ಹೂವಿನ ನಡುವಿನ ಕಡ್ಡಿಯ ತುದಿಯಲ್ಲಿ ಪರಾಗ ಹಿಡಿಯುವ ಐದು ಗುಂಡುಗಳಿಗೂ ಡಬ್ಬಿಯ ಪರಾಗ ಸವರಿ, ತೆಳು ಬಟ್ಟೆ ಕಟ್ಟಿ, ದಾರಕ್ಕೆ ಚೀಟಿ ತೂಗುಹಾಕುತ್ತೇನೆ. ಚೀಟಿ ಇಲ್ಲದ ಕಾಯಿ ನನ್ನ ಲೆಕ್ಕದಲ್ಲಿ ಕಸ. ಕಾಯಿ ಕಂದು ಬಣ್ಣಕ್ಕೆ ತಿರುಗಿದ ಮೇಲೆ, ಬಾಯಿ ಬಿಡುವ ಮೊದಲೇ ಕೀಳಬೇಕು. ಬೀಜದ ಸಿಪ್ಪೆ ಗಟ್ಟಿ. ನೇಲ್ ಕಟರ್‌ನಿಂದ ಒಂದು ಮೂಲೆ ಚೂರು ಕತ್ತರಿಸಿ, ರಾತ್ರಿ ಬೆಚ್ಚಗಿನ ನೀರಲ್ಲಿ ನೆನೆಸಿ ಬಿತ್ತಿ.

ಮೊದಲ ತಲೆಮಾರಿನ ಗಿಡಗಳು ನನ್ನಲ್ಲಿ ಉದ್ದುದ್ದ ಬೆಳೆದಿವೆ. ಜಾಸ್ತಿ ಗಿಡಗಳಲ್ಲಿ ವಾಸನೆ ಇಲ್ಲ, ಎರಡರಲ್ಲಿ ಮಾತ್ರ ಕತ್ತಲಾದ ಮೇಲೆ ಸ್ವಲ್ಪ ಇದೆ. ಅವೆರಡನ್ನೇ ಪರಸ್ಪರ ಕೂಡಿಸಿದ್ದೇನೆ. ಬಣ್ಣ ಎಷ್ಟೇ ಚೆನ್ನಾಗಿರಲಿ, ಮಿಕ್ಕವು ಪಕ್ಕದ ಮನೆಯವರಿಗೆ.