ಜೆರುಸಲೇಮಿನ ರಾಜನ ಬಲಗೈ

ನಮ್ಮ ಚರ್ಮರೋಗ ವಿಭಾಗದ ಕೇಸ್ ಚರ್ಚೆಯಲ್ಲಿ ಆ ಶನಿವಾರ ನನ್ನ ಸರದಿ. ಒಪಿಡಿ ಕೇಸುಗಳು ಇದ್ದೇ ಇರುತ್ತವಲ್ಲ ಅಂತ, ಸತ್ತು ಎಂಟುನೂರು ವರ್ಷ ದಾಟಿದ ರೋಗಿಯೊಬ್ಬನನ್ನು ಹಿಡಿದುಕೊಂಡು ಹೋದೆ. ಜೆರುಸಲೇಮಿನ ರಾಜ ನಾಲ್ಕನೇ ಬಾಲ್ಡ್ವಿನ್. ಹುಟ್ಟಿದ್ದು 1161, ತೀರಿಕೊಂಡಿದ್ದು 1185.

ಒಂಬತ್ತು ವರ್ಷದ ಈ ಹುಡುಗನಿಗೆ ಪಾಠ ಹೇಳಿದ ಪಾದ್ರಿ ವಿಲಿಯಂ, ಮುಂದೆ ಟೈರ್ ಪಟ್ಟಣದ ಆರ್ಚ್‌ಬಿಷಪ್ ಆದವನು, ಎಲ್ಲವನ್ನೂ ಬರೆದಿಟ್ಟಿದ್ದಾನೆ. ದೊಡ್ಡಮನೆ ಮಕ್ಕಳು ಆಟಕ್ಕೆ ಒಬ್ಬರ ಕೈ ಒಬ್ಬರು ಉಗುರಿನಿಂದ ಚಿವುಟುತ್ತಿದ್ದರಂತೆ. ಉಳಿದವರು ಕಿರುಚಿಕೊಂಡರೆ ಬಾಲ್ಡ್ವಿನ್ ಮಾತ್ರ ಕಮಕ್ ಕಿಮಕ್ ಅನ್ನುತ್ತಿರಲಿಲ್ಲ. ಗಟ್ಟಿ ಹುಡುಗ ಅಂದುಕೊಂಡರು ಮೇಷ್ಟ್ರು. ಅದೇ ಸುದ್ದಿ ಮತ್ತೆ ಮತ್ತೆ ಕಿವಿಗೆ ಬಿದ್ದಾಗ ಕರೆದು ನೋಡಿದರು. ಬಲಗೈ, ಬಲತೋಳು ಅರ್ಧದಷ್ಟು ಜೋಮು. ಚಿವುಟಿದರೂ ಗೊತ್ತಾಗದು, ಕಚ್ಚಿದರೂ ಗೊತ್ತಾಗದು.

ಕುಷ್ಠರೋಗ ಇದೆಯೇ ಅಂತ ನೋಡಲು ನಾವು ಹತ್ತಿಯ ಎಳೆ ತಾಗಿಸಿ, "ಕಣ್ಣು ಮುಚ್ಚಿ, ಎಲ್ಲಿ ಮುಟ್ಟಿದೆ ತೋರಿಸಿ" ಅಂತೀವಲ್ಲ, ಆ ಪರೀಕ್ಷೆಯನ್ನು ಈ ಮಕ್ಕಳು ಉಗುರಿನಲ್ಲೇ ಮಾಡಿ ಮುಗಿಸಿದ್ದರು!

"ಮಚ್ಚೆ ಎಲ್ಲಮ್ಮಾ?" ಅಂದರು ನಮ್ಮ ಸರ್.

ಸರಿಯಾದ ಪ್ರಶ್ನೆಯೇ. ಕುಷ್ಠದಲ್ಲಿ ಸಾಮಾನ್ಯವಾಗಿ ಸ್ಪರ್ಶ ತಿಳಿಯದ ಮಚ್ಚೆ ಇರುತ್ತದೆ. ಆ ಹೊತ್ತಿಗೆ ಮೈಮೇಲೆ ಮಚ್ಚೆ ಇತ್ತೆಂದು ವಿಲಿಯಂ ಬರೆದಿಲ್ಲ. ಆದರೆ ಮಚ್ಚೆಯಿಲ್ಲದೆ ಬರೀ ನರಕ್ಕೆ ಬರುವ ಕುಷ್ಠವೂ ಉಂಟು, ನಮ್ಮ ದೇಶದಲ್ಲಿ ಅಂಥವರು ಸಿಗುತ್ತಲೇ ಇರುತ್ತಾರೆ. ಕೈಯ ಅರ್ಧ ಅಂದಾಗ ನನ್ನ ತಲೆಗೆ ಮೊದಲು ಬಂದದ್ದು ಮೊಣಕೈ ಹಿಂದಿನಿಂದ ಕಿರುಬೆರಳ ಕಡೆಗೆ ಹೋಗುವ ಅಲ್ನಾರ್ ನರ. ಆ ಕಾಲದಲ್ಲಿ ಯಾವ ಯಾವುದೋ ಚರ್ಮದ ಕಾಯಿಲೆಯನ್ನೂ ಕುಷ್ಠ ಅಂದುಬಿಡುತ್ತಿದ್ದರು ನಿಜ. ಆದರೆ ಚರ್ಮ ಹೊಪ್ಪಳಿಕೆ ಏಳುವ ಸೋರಿಯಾಸಿಸ್‌ನಂಥ ಕಾಯಿಲೆಯಲ್ಲಿ ಕೈ ಜೋಮು ಹಿಡಿಯಲ್ಲ. ಇಲ್ಲಿ ಮೊದಲು ಜೋಮು, ಹರೆಯಕ್ಕೆ ಬರುವಾಗ ಮುಖ, ಕೈಕಾಲು, ಆಮೇಲೆ ಕಣ್ಣು. ಬೇರೆ ಯಾವ ಕಾಯಿಲೆಗೂ ಇಷ್ಟೆಲ್ಲ ಹೊಂದಿಸುವುದು ಕಷ್ಟ. ಎಣ್ಣೆ, ಶಾಖ, ವಿಷದ ಮದ್ದು ಎಲ್ಲ ಆಯಿತು, ಯಾವುದೂ ನಾಟಲಿಲ್ಲ. ಆದರೂ 1177ರಲ್ಲಿ ಈಜಿಪ್ಟಿನ ಸುಲ್ತಾನ ಸಲಾದಿನ್‌ನ ಸೈನ್ಯವನ್ನು ಸೋಲಿಸಿದ್ದು ಇದೇ ಹುಡುಗನ ಪಡೆ. ಕೊನೆಗೆ ಅವನನ್ನು ಪಲ್ಲಕ್ಕಿಯಲ್ಲಿ ಹೊತ್ತು ತಿರುಗಬೇಕಾಯಿತು.

ನನಗೆ ಇಷ್ಟವಾದದ್ದು ವಿಲಿಯಂ ಕಾಯಿಲೆಯ ಹೆಸರು ಹೇಳಿ ಸುಮ್ಮನಾಗದೆ ಕಂಡದ್ದನ್ನು ಕಂಡ ಹಾಗೆ ಬರೆದದ್ದು. ನಮ್ಮ ಕೇಸ್ ಶೀಟುಗಳಲ್ಲೇ ಎಷ್ಟೋ ಸಲ ಇಷ್ಟು ಇರಲ್ಲ.

ಸರ್ ತಲೆದೂಗಿದರು. "ಸರಿ, ಒಂಬತ್ತು ವರ್ಷದ ಮಗು. ಎಂಡಿಟಿ ಶುರು ಮಾಡು, ಡೋಸ್ ಎಷ್ಟು?"

ಎಂಡಿಟಿ ಅಂದರೆ ಕುಷ್ಠಕ್ಕೆ ಕೊಡುವ, ಹಲವು ಔಷಧಗಳನ್ನು ಸೇರಿಸಿದ ಚಿಕಿತ್ಸೆ. ಹತ್ತು ವರ್ಷದೊಳಗಿನ ಮಕ್ಕಳಿಗೆ ಅದನ್ನು ತೂಕ ನೋಡಿ ಕೊಡಬೇಕು. ವಿಲಿಯಂ ತೂಕ ಬರೆದಿಲ್ಲ.